ಸಂಶೋಧನೆಗೂ ಒಂದು ಸಾತಬಾರಾ ಬೇಕು

ಕಳೆದ ವರ್ಷ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ‘ಕಿಲ್ಲಾರಿಯ ಭೂಕಂಪ’ ಎಂಬ ವಿಷಯ ಕೊಟ್ಟು ನಿಬಂಧ ಬರೆಯಲು ಹೇಳಿದ್ದೆ. ವಿಷಯ ನಮಗೆ ಹೊಸದಲ್ಲ. ೧೯೯೩ರ ಸೆಪ್ಟೆಂಬರ ೩೦ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಬಂದು ಜನ ಮಲಗಿದ್ದಾಗ, ಸುಮಾರು ನಾಲ್ಕು ಗಂಟೆಯ ಹೊತ್ತಿಗೆ ನೆಲ ನಡುಗಿತು. ಔಸಾ ಮತ್ತು ಉಮರ್ಗಾ ತಾಲೂಕುಗಳ ಊರಿಗೆ ಊರೇ ಮಣ್ಣು ಕಲ್ಲಿನ ರಾಶಿಯಾದವು. ನಿಲಂಗಾ, ಉದಗೀರಗಳಲ್ಲಿಯೂ ಜನ ಮನೆ ಬಿಟ್ಟು ಹೊರಗೆ ಓಡಿ ಬಂದರು. ಇಂದಿನ ಮಕ್ಕಳು ಅದನ್ನು ಕಂಡವರಲ್ಲ. ಆದರೆ ಅವರ ಮನೆಯ ಹಿರಿಯರೆಲ್ಲ ಕಂಡವರು.

ನಿಬಂಧಗಳನ್ನು ತಿದ್ದಲು ಕುಳಿತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಸತ್ತವರು ೭,೯೨೮ ಎಂದು ಒಬ್ಬ ಬರೆದಿದ್ದ. ಇನ್ನೊಬ್ಬ ೯,೭೪೮ ಎಂದಿದ್ದ. ಮತ್ತೆ ಹಲವರು ‘ಹತ್ತು ಸಾವಿರ’ ಎಂದು ಬರೆದಿದ್ದರು. ಮರುದಿನ ವರ್ಗದಲ್ಲಿ, “ಈ ಅಂಕಿ ಎಲ್ಲಿಂದ ತಂದಿರಿ?” ಎಂದು ಕೇಳಿದೆ. “ಗೈಡಿನಲ್ಲಿತ್ತು ಸರ್” ಎಂದು ಒಬ್ಬ. “ಮೊಬೈಲಿನಲ್ಲಿ ಬಂತು ಸರ್” ಎಂದು ಇನ್ನೊಬ್ಬ. ಉಳಿದವರು ತಮ್ಮ ಪಕ್ಕದವನ ಕಡೆಗೆ ನೋಡಿದರು.

ನಾನೇ ಹುಡುಕಿ ನೋಡಿದೆ. ೭,೯೨೮ ಎಂಬುದು ಮಹಾರಾಷ್ಟ್ರ ಸರಕಾರದ ಲೆಕ್ಕ. ೯,೭೪೮ ಎಂಬುದು ಅಮೇರಿಕೆಯ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ಪಟ್ಟಿಯಲ್ಲಿರುವುದು. ಹತ್ತು ಸಾವಿರ ಎಂಬುದು ಬಾಯಿಗೆ ಸುಲಭವಾಗಲೆಂದು ಮಾಡಿಕೊಂಡ ಪೂರ್ಣಾಂಕ. ಮಕ್ಕಳಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ. ಆದರೆ ಯಾರ ಅಂಕಿಗೂ ಊರು ಹೆಸರು ಇರಲಿಲ್ಲ. ಎರಡು ಲೆಕ್ಕಗಳ ನಡುವೆ ಸಾವಿರದ ಎಂಟುನೂರಕ್ಕೂ ಹೆಚ್ಚು ಜೀವಗಳ ಅಂತರವಿದೆ. ಯಾರು ಎಣಿಸಿದರು, ಯಾವಾಗ ಎಣಿಸಿದರು ಎಂದು ಹೇಳದೆ ಬರೆದರೆ ಆ ಅಂತರ ಏಕೆ ಬಂತೆಂದು ಕೇಳುವ ದಾರಿಯೇ ಮುಚ್ಚಿಹೋಗುತ್ತದೆ.

ಒಬ್ಬ ಹುಡುಗಿ ಮಾತ್ರ ಒಟ್ಟು ಅಂಕಿಯನ್ನು ಬರೆದೇ ಇರಲಿಲ್ಲ. “ನಮ್ಮ ಅಜ್ಜಿಯ ತವರು ಸಾಸ್ತೂರ. ಇದು ಅಜ್ಜಿ ಹೇಳಿದ್ದು” ಎಂದು ಆರಂಭಿಸಿ, ಅಜ್ಜಿಯ ಓಣಿಯಲ್ಲಿ ಆ ರಾತ್ರಿ ತೀರಿಕೊಂಡವರ ಹೆಸರುಗಳನ್ನು ಸಾಲಾಗಿ ಬರೆದಿದ್ದಳು. ಇಡೀ ವರ್ಗದಲ್ಲಿ ತನ್ನ ಮಾತಿಗೆ ಆಧಾರ ಕೊಟ್ಟವಳು ಅವಳೊಬ್ಬಳೇ. ಈ ಲೇಖನಕ್ಕೆ ಅವಳ ನಿಬಂಧವೇ ಕಾರಣ.

ಉಲ್ಲೇಖ ಎಂದರೇನು?

ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಮಾಡುವವರು ತಮ್ಮ ಲೇಖನದ ಕೊನೆಗೆ ಒಂದು ಪಟ್ಟಿ ಕೊಡುತ್ತಾರೆ. ‘ಈ ಮಾತನ್ನು ಇಂಥವರ ಇಂಥ ಪುಸ್ತಕದ ಇಂಥ ಪುಟದಿಂದ ತೆಗೆದುಕೊಂಡೆ’ ಎಂದು ಅದರಲ್ಲಿ ಬರೆದಿರುತ್ತದೆ. ಇದಕ್ಕೆ ಉಲ್ಲೇಖ ಎನ್ನುತ್ತಾರೆ. ಇದು ಪಾಂಡಿತ್ಯ ತೋರಿಸಲು ಹಚ್ಚಿದ ಬಾಲವಲ್ಲ. ಪಡೆದ ಸಾಲದ ಒಪ್ಪಿಗೆ. ಓದುವವನು ಬೇಕೆಂದರೆ ಮೂಲಕ್ಕೆ ಹೋಗಿ, ಮಾತು ಸರಿಯೋ ತಪ್ಪೋ ನೋಡಿಕೊಳ್ಳಲಿ ಎಂದು ತೆರೆದಿಟ್ಟ ಬಾಗಿಲು.

ಪಾಲಕರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹೊಲವಿರುವ ಪ್ರತಿಯೊಬ್ಬರ ಮನೆಯಲ್ಲಿಯೂ ಸಾತಬಾರಾ ಉತಾರಾ ಇರುತ್ತದೆ. ಅದರಲ್ಲಿ ಗಟ ನಂಬರು ಇದೆ, ಹಕ್ಕುದಾರರ ಹೆಸರಿದೆ, ಪೀಕಿನ ನೋಂದಿದೆ. ಹೆಸರಿನ ಜೊತೆಗೆ ಫೇರಫಾರ ನಂಬರೂ ಇದೆ. ಈ ಹೊಲ ತಂದೆಯಿಂದ ವಾರಸಾಗಿ ಬಂತೇ, ಖರೀದಿಯಿಂದ ಬಂತೇ, ಅಣ್ಣತಮ್ಮಂದಿರ ವಾಟಣಿಯಿಂದ ಬಂತೇ ಎಂಬುದನ್ನು ಆ ನಂಬರು ಹಿಡಿದು ಹಿಂದೆ ಹಿಂದೆ ಹೋಗಿ ನೋಡಬಹುದು. ಫೇರಫಾರ ಇಲ್ಲದೆ ಸಾತಬಾರಾದ ಮೇಲೆ ಹೊಸ ಹೆಸರು ಬಂದರೆ ನಾವು ಸುಮ್ಮನಿರುತ್ತೇವೆಯೇ? ಅದೇ ದಿನ ತಲಾಠಿಯವರ ಬಾಗಿಲಿಗೆ ಹೋಗುತ್ತೇವೆ, ಅಲ್ಲಿ ಆಗದಿದ್ದರೆ ತಹಸೀಲದಾರರ ಕಡೆಗೆ.

ಸಾತಬಾರಾದಲ್ಲಿ ತಪ್ಪು ಬರುವುದಿಲ್ಲ ಎಂದು ಯಾರೂ ಹೇಳಲಾರರು. ಆದರೆ ಅದು ಎಲ್ಲರಿಗೂ ಕಾಣುವ ಕಾಗದ. ಕಾಣುವುದರಿಂದಲೇ ತಪ್ಪು ಸಿಕ್ಕುತ್ತದೆ. ಸಿಕ್ಕ ತಪ್ಪನ್ನು ತಿದ್ದಿಸಲು ದಾರಿ ಇದೆ. ನಂಬಿಕೆಗೆ ಯೋಗ್ಯವಾದ ದಾಖಲೆ ಎಂದರೆ ತಪ್ಪೇ ಇಲ್ಲದ ದಾಖಲೆಯಲ್ಲ, ತಪ್ಪನ್ನು ಯಾರು ಬೇಕಾದರೂ ಹಿಡಿಯಬಹುದಾದ ದಾಖಲೆ. ಸಂಶೋಧನೆಯ ಉಲ್ಲೇಖಗಳ ವಿಷಯದಲ್ಲಿಯೂ ನಾನು ಹೇಳಬೇಕೆಂದಿರುವುದು ಇಷ್ಟೇ.

ನಮ್ಮ ಹಿರಿಯರ ಪದ್ಧತಿ

ಈ ವಿಚಾರ ಪರದೇಶದಿಂದ ಬಂದದ್ದೆಂದು ತಿಳಿಯಬೇಕಾಗಿಲ್ಲ. ನಮ್ಮ ಸೀಮೆಯ ಹಳೆಯ ಗುಡಿಗಳಲ್ಲಿ ಸಿಕ್ಕುವ ಚಾಲುಕ್ಯರ ಕಾಲದ ಕನ್ನಡ ಶಾಸನಗಳನ್ನು ನೋಡಿರಿ. ಆಳುವ ಅರಸ ಯಾರು, ದಾನ ಕೊಟ್ಟವರು ಯಾರು, ಸಂವತ್ಸರ ತಿಥಿ ಯಾವುದು, ಹೊಲದ ನಾಲ್ಕು ದಿಕ್ಕಿನ ಎಲ್ಲೆ ಯಾವುದು ಎಂದು ಕಲ್ಲಿನ ಮೇಲೆ, ಎಲ್ಲರೂ ಓಡಾಡುವ ಜಾಗದಲ್ಲಿ ಕೆತ್ತಿಸಿದರು. ದಾನದ ಲೆಕ್ಕ ಪೆಟ್ಟಿಗೆಯಲ್ಲಿರದೆ ಬಯಲಿನಲ್ಲಿರಬೇಕೆಂಬುದು ಅವರ ವಿವೇಕ.

ಆ ಶಾಸನಗಳನ್ನು ಓದಿ ಅಚ್ಚು ಹಾಕಿಸಿದವರೂ ಅದೇ ಶಿಸ್ತನ್ನು ಪಾಲಿಸಿದರು. ಬಿ. ಎಲ್. ರೈಸರು ೧೮೮೬ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶಾಸನಗಳನ್ನು ತಾಲೂಕಿನ ಹೆಸರು ಮತ್ತು ಕ್ರಮಾಂಕಗಳಿಂದ ಗುರುತಿಸಿದರು. ಏಳನೆಯ ಸಂಪುಟ, ಶಿಕಾರಿಪುರ, ಇಂತಿಷ್ಟನೆಯದು ಎಂದರೆ ಸಾಕು, ಕಾಶಿಯಲ್ಲಿ ಕುಳಿತವನಿಗೂ ಲಂಡನ್ನಿನಲ್ಲಿ ಕುಳಿತವನಿಗೂ ಅದೇ ಶಾಸನ ಸಿಕ್ಕುತ್ತದೆ. ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರು ೧೯೮೮ರಲ್ಲಿ ಗ್ರಂಥರೂಪಕ್ಕೆ ತಂದರು.

ವಚನಗಳ ಕತೆಯೂ ಇಂಥದೇ. ಉಮರ್ಗಾದ ನೆರೆಯಲ್ಲಿಯೇ ಬಸವಕಲ್ಯಾಣವಿದೆ. ಶರಣರು ತಮ್ಮ ವಚನದ ಕೊನೆಗೆ ಅಂಕಿತವಿಟ್ಟರು. ಮಾತು ಯಾರದು ಎಂದು ತಿಳಿಯುವುದಕ್ಕೆ ಅದೇ ಗುರುತು. ಆದರೂ ಕಾಲಾಂತರದಲ್ಲಿ ಯಾರೋ ಬರೆದು ಯಾರದೋ ಅಂಕಿತ ಹಾಕಿ ಸೇರಿಸಿದ್ದುಂಟು. ಅಂಥವುಗಳಿಗೆ ಪಂಡಿತರು ‘ಪ್ರಕ್ಷಿಪ್ತ’ ಎನ್ನುತ್ತಾರೆ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು ೧೫ ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ಹೊರತಂದಿತು. ಅದರಲ್ಲಿ ವಚನಗಳಿಗೆ ಕ್ರಮಸಂಖ್ಯೆ ಇದೆ. ಈಗ ಯಾರಾದರೂ ವೇದಿಕೆಯ ಮೇಲೆ ‘ಬಸವಣ್ಣನವರು ಹೀಗೆ ಹೇಳಿದ್ದಾರೆ’ ಎಂದರೆ, ‘ಯಾವ ಸಂಪುಟ, ಎಷ್ಟನೆಯ ವಚನ?’ ಎಂದು ವಿನಯದಿಂದ ಕೇಳಬಹುದು.

ಕೇಳದಿದ್ದರೆ ಏನಾಗುತ್ತದೆ? ಒಂದು ಉದಾಹರಣೆ ಸಾಕು. ಕೆ. ಬಿ. ಪಾಠಕರು ೧೮೯೮ರಲ್ಲಿ ‘ಕವಿರಾಜಮಾರ್ಗ’ವನ್ನು ನೃಪತುಂಗನ ಕೃತಿಯೆಂದು ಪ್ರಕಟಿಸಿದರು. ಮುಂದೆ ವಿದ್ವಾಂಸರು ಗ್ರಂಥದ ಒಳಗಿನ ಆಧಾರಗಳನ್ನೇ ಹಿಡಿದು ಚರ್ಚಿಸಿ, ಅದನ್ನು ಬರೆದವನು ನೃಪತುಂಗನ ಆಸ್ಥಾನದ ಶ್ರೀವಿಜಯನೆಂದು ಬಹುಮಟ್ಟಿಗೆ ಒಪ್ಪಿದರು. ಆದರೆ ಒಂದು ಗೈಡನ್ನು ನೋಡಿ ಇನ್ನೊಂದು ಗೈಡು ಬರೆಯುವವರಿಗೆ ಆ ಚರ್ಚೆ ತಲುಪಲಿಲ್ಲ. ಪಾಠಕರ ತಪ್ಪಲ್ಲ ಅದು. ಅವರು ತಮಗೆ ಕಂಡದ್ದನ್ನು ಕಾರಣ ಸಹಿತ ಬರೆದರು. ಮೂಲವನ್ನು ತೆರೆಯದೆ ನಕಲು ಮಾಡಿದವರ ತಪ್ಪು.

ಎಣಿಕೆ ಬಂತು, ಜೊತೆಗೆ ಆಸೆಯೂ ಬಂತು

ಅಮೇರಿಕೆಯಲ್ಲಿ ೧೮೭೩ರಿಂದಲೇ ವಕೀಲರಿಗಾಗಿ ಒಂದು ಸೂಚಿ ಇತ್ತು. ಹಳೆಯ ತೀರ್ಪೊಂದನ್ನು ಮುಂದೆ ಯಾವ ಯಾವ ತೀರ್ಪುಗಳಲ್ಲಿ ಹೆಸರಿಸಲಾಗಿದೆ, ಅದು ಇನ್ನೂ ನಿಂತಿದೆಯೋ ಬಿದ್ದಿದೆಯೋ ಎಂದು ಅದರಿಂದ ತಿಳಿಯುತ್ತಿತ್ತು. ಆ ಮಾದರಿಯನ್ನು ನೋಡಿ ಯೂಜಿನ್ ಗಾರ್ಫೀಲ್ಡ್ ಎಂಬವರು ವಿಜ್ಞಾನ ಲೇಖನಗಳಿಗೂ ಅಂಥ ಸೂಚಿಯನ್ನು ಸಿದ್ಧಪಡಿಸಿ ೧೯೬೪ರಲ್ಲಿ ಪ್ರಕಟಿಸಿದರು. ಒಂದು ವಿಚಾರ ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯಿತೆಂದು ಹುಡುಕಲು ಅದು ಒಳ್ಳೆಯ ಸಾಧನ.

ಆದರೆ ಎಣಿಸಲು ಬಂದದ್ದನ್ನು ಮನುಷ್ಯ ಎಣಿಸದೆ ಬಿಡುವುದಿಲ್ಲ. ಹೆಚ್ಚು ಸಲ ಉಲ್ಲೇಖಗೊಂಡ ಲೇಖನ ಒಳ್ಳೆಯದು, ಅದನ್ನು ಬರೆದವನು ದೊಡ್ಡವನು ಎಂಬ ಲೆಕ್ಕ ರೂಢಿಗೆ ಬಂತು. ಬಡ್ತಿ, ಅನುದಾನ, ಕಾಲೇಜಿನ ಸ್ಥಾನ ಎಲ್ಲವೂ ಆ ಅಂಕಿಗೆ ಗಂಟು ಬಿದ್ದವು. ನಮ್ಮ ಕೇಂದ್ರ ಸರಕಾರವು ೨೦೧೬ರಿಂದ ಪ್ರಕಟಿಸುತ್ತಿರುವ ಉಚ್ಚ ಶಿಕ್ಷಣ ಸಂಸ್ಥೆಗಳ ಶ್ರೇಯಾಂಕ ಪಟ್ಟಿಯಲ್ಲಿಯೂ ಲೇಖನಗಳ ಮತ್ತು ಉಲ್ಲೇಖಗಳ ಸಂಖ್ಯೆಗೆ ಅಂಕಗಳಿವೆ. ಉದಗೀರದ ಅಥವಾ ನಿಲಂಗಾದ ತಂದೆಯೊಬ್ಬ ಮಗನನ್ನೋ ಮಗಳನ್ನೋ ದೂರದ ಊರಿಗೆ ಕಳಿಸುವಾಗ, ಸೋಯಾಬೀನ ಮಾರಿ ಬಂದ ದುಡ್ಡನ್ನು ಫೀ ತುಂಬುವಾಗ, ಆ ಪಟ್ಟಿಯನ್ನು ನೋಡಿ ತುಂಬುತ್ತಾನೆ. ಹೀಗಾಗಿ ಉಲ್ಲೇಖದ ಲೆಕ್ಕ ಸರಿಯಿದೆಯೋ ಇಲ್ಲವೋ ಎಂಬುದು ಪಂಡಿತರ ಮನೆಯ ಜಗಳವಲ್ಲ, ನಮ್ಮ ಕಿಸೆಯ ಪ್ರಶ್ನೆ.

ಲೆಕ್ಕ ಎಷ್ಟು ರೀತಿಯಲ್ಲಿ ಕೆಡುತ್ತದೆ ನೋಡಿರಿ.

ಮೊದಲನೆಯದು ಹೆಸರಿನ ಗೊಂದಲ. ನಮ್ಮ ಮೂರು ತಾಲೂಕುಗಳಲ್ಲಿ ‘ಎಸ್. ಬಿ. ಪಾಟೀಲ’ ಎಂದು ಕೂಗಿದರೆ ಎಷ್ಟು ಜನ ತಿರುಗಿ ನೋಡುವರೆಂದು ಹೇಳಬೇಕಾಗಿಲ್ಲ. ಒಬ್ಬ ಪಾಟೀಲರ ಉಲ್ಲೇಖ ಇನ್ನೊಬ್ಬ ಪಾಟೀಲರ ಖಾತೆಗೆ ಜಮೆಯಾಗುತ್ತದೆ. ಊರುಗಳದೂ ಅದೇ ಪಾಡು. ಉದಗೀರ, ನಿಲಂಗಾಗಳು ೧೯೫೬ರವರೆಗೆ ಬೀದರ ಜಿಲ್ಲೆಯಲ್ಲಿದ್ದವು, ಆಮೇಲೆ ಉಸ್ಮಾನಾಬಾದದಲ್ಲಿ, ೧೯೮೨ರಿಂದ ಲಾತೂರಿನಲ್ಲಿ. ಉಸ್ಮಾನಾಬಾದವೇ ೨೦೨೩ರಲ್ಲಿ ಧಾರಾಶಿವ ಆಯಿತು. ಅಂದಿನ ಭೂಕಂಪವನ್ನೇ ಕೆಲವರು ಲಾತೂರ ಭೂಕಂಪವೆಂದು, ಕೆಲವರು ಕಿಲ್ಲಾರಿ ಭೂಕಂಪವೆಂದು ಬರೆದಿದ್ದಾರೆ. ಒಂದೇ ಹೆಸರಿನಿಂದ ಹುಡುಕುವವನಿಗೆ ಅರ್ಧವೇ ಸಿಕ್ಕುತ್ತದೆ. ಅದಕ್ಕಾಗಿಯೇ ಈಗ ಲೇಖನಕ್ಕೆ ಗಟ ನಂಬರಿನಂಥ ಒಂದು ಸ್ಥಿರ ಸಂಖ್ಯೆಯನ್ನೂ, ೨೦೧೨ರಿಂದ ಲೇಖಕನಿಗೆ ‘ಆರ್ಕಿಡ್’ ಎಂಬ ಹದಿನಾರು ಸ್ಥಾನದ ಗುರುತನ್ನೂ ಕೊಡುವ ಪದ್ಧತಿ ಬಂದಿದೆ.

ಎರಡನೆಯದು ನೋಡದೆ ಬರೆಯುವುದು. ರಜೆ ಚೀಟಿಯ ಮಾದರಿಯನ್ನು ಗೈಡಿನಿಂದ ಇಳಿಸಿಕೊಳ್ಳುವ ಹುಡುಗ ಕೆಳಗೆ ‘ತಮ್ಮ ವಿಧೇಯ ವಿದ್ಯಾರ್ಥಿ, ಅ. ಬ. ಕ.’ ಎಂಬುದನ್ನೂ ಹಾಗೆಯೇ ಇಳಿಸಿದರೆ ನಾವು ನಗುತ್ತೇವೆ. ದೊಡ್ಡವರೂ ಅದನ್ನೇ ಮಾಡಿದ್ದಾರೆ. ಪ್ರಸಿದ್ಧ ಪ್ರಕಾಶನ ಸಂಸ್ಥೆಯೊಂದು, ಉಲ್ಲೇಖ ಹೇಗೆ ಬರೆಯಬೇಕೆಂದು ತೋರಿಸಲು ಮಾದರಿಯಾಗಿ ಒಂದು ಕಾಲ್ಪನಿಕ ಲೇಖನದ ಹೆಸರನ್ನು ಕೊಟ್ಟಿತ್ತು. ಇಲ್ಲದ ಆ ಲೇಖನವನ್ನು ಸುಮಾರು ನಾನೂರು ಸಲ ಉಲ್ಲೇಖಿಸಲಾಗಿದೆಯೆಂದು ೨೦೧೭ರಲ್ಲಿ ಬೆಳಕಿಗೆ ಬಂತು!

ಮೂರನೆಯದು ಬೇಕೆಂದೇ ಮಾಡುವ ಮೋಸ. ಕೆಲವು ಪತ್ರಿಕೆಗಳ ಲೇಖನಗಳನ್ನೂ, ಅವುಗಳ ಪರವಾಗಿ ಉಲ್ಲೇಖ ನೋಂದಣಿ ಸಂಸ್ಥೆಗೆ ಕಳಿಸಿದ ಪಟ್ಟಿಗಳನ್ನೂ ಸಂಶೋಧಕರು ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಿದರು. ೨೦೨೩ರಲ್ಲಿ ಅವರು ಹೇಳಿದ್ದೇನೆಂದರೆ, ನೋಂದಾಯಿತ ಉಲ್ಲೇಖಗಳಲ್ಲಿ ಶೇಕಡಾ ೯ಕ್ಕೆ ಕಡಿಮೆಯಿಲ್ಲದಷ್ಟು ಮೂಲ ಲೇಖನದಲ್ಲಿ ಇರಲೇ ಇಲ್ಲ. ಅವು ಹೆಚ್ಚಾಗಿ ಇಬ್ಬರು ಲೇಖಕರ ಲೆಕ್ಕವನ್ನು ಬೆಳೆಸಿದ್ದವು. ನಮ್ಮ ಪಂಡಿತರ ಭಾಷೆಯಲ್ಲಿ ಹೇಳುವುದಾದರೆ ಪ್ರಕ್ಷಿಪ್ತ. ನಮ್ಮ ರೈತರ ಭಾಷೆಯಲ್ಲಿ ಫೇರಫಾರ ಇಲ್ಲದೆ ಸಾತಬಾರಾದ ಮೇಲೆ ಏರಿದ ಹೆಸರು.

ನಾಲ್ಕನೆಯದು ಈಚಿನದು. ಪ್ರಶ್ನೆ ಕೇಳಿದರೆ ಪುಟಗಟ್ಟಲೆ ಉತ್ತರ ಬರೆದುಕೊಡುವ ಯಂತ್ರಗಳು ಈಗ ಮಕ್ಕಳ ಕೈಯಲ್ಲಿಯೂ ಇವೆ. ಅವು ಇಲ್ಲದ ಪುಸ್ತಕಕ್ಕೂ ಹೆಸರು, ಇಸವಿ, ಪುಟಸಂಖ್ಯೆ ಕೊಡಬಲ್ಲವು. ೨೦೨೩ರಲ್ಲಿ ನ್ಯೂಯಾರ್ಕಿನ ವಕೀಲರು ಅಂಥ ಯಂತ್ರ ಹುಟ್ಟಿಸಿದ ಆರು ಸುಳ್ಳು ಪ್ರಕರಣಗಳನ್ನು ನ್ಯಾಯಾಲಯದ ಮುಂದಿಟ್ಟು ೫,೦೦೦ ಡಾಲರ್ ದಂಡ ತೆತ್ತರು.

ಲೆಕ್ಕದ ವಹಿ ತೆರೆದಿರಲಿ

ಮೇಲಿನ ಮೋಸಗಳು ಸಿಕ್ಕಿಬಿದ್ದದ್ದು ಹೇಗೆ? ಲೇಖನವೂ ಪಟ್ಟಿಯೂ ಎರಡೂ ನೋಡಲು ಸಿಕ್ಕಿದ್ದರಿಂದ. ಬಹಳ ಕಾಲ ಉಲ್ಲೇಖಗಳ ದೊಡ್ಡ ವಹಿಗಳು ಖಾಸಗಿ ಕಂಪನಿಗಳ ಕೈಯಲ್ಲಿದ್ದವು. ಭಾರಿ ಚಂದಾ ಕಟ್ಟಿದ ಗ್ರಂಥಾಲಯಗಳಿಗೆ ಮಾತ್ರ ಅವು ಕಾಣುತ್ತಿದ್ದವು. ಅಂಥ ವಹಿಗಳು ಇಂದಿಗೂ ಇವೆ. ನಮ್ಮ ಶ್ರೇಯಾಂಕ ಪಟ್ಟಿಯೂ ಅವುಗಳನ್ನೇ ಆಧರಿಸಿದೆ. ಜೊತೆಗೆ ಇನ್ನೊಂದು ದಾರಿಯೂ ಬೆಳೆದಿದೆ. ಪ್ರಕಾಶಕರು ‘ಕ್ರಾಸ್‌ರೆಫ್’ ಎಂಬ ಸಂಸ್ಥೆಗೆ ಲೇಖನಗಳ ಉಲ್ಲೇಖ ಪಟ್ಟಿಗಳನ್ನು ಒಪ್ಪಿಸುತ್ತಾರೆ. ಆದರೆ ಹಾಗೆ ಒಪ್ಪಿಸಿದ ಲೇಖನಗಳಲ್ಲಿ ಶೇಕಡಾ ಒಂದರಷ್ಟರ ಪಟ್ಟಿ ಮಾತ್ರ ಮೊದಲು ಎಲ್ಲರಿಗೂ ತೆರೆದಿತ್ತು. ೨೦೧೭ರ ಏಪ್ರಿಲಿನಲ್ಲಿ ಮುಕ್ತ ಉಲ್ಲೇಖಗಳಿಗಾಗಿ ಒಂದು ಚಳವಳಿ ಪ್ರಕಟವಾಗುವ ಹೊತ್ತಿಗೆ ಅದು ಶೇಕಡಾ ೪೦ಕ್ಕೆ ಏರಿತ್ತು. ೨೦೨೨ರಲ್ಲಿ ಅಲ್ಲಿಯ ಎಲ್ಲ ಪಟ್ಟಿಗಳೂ ಮುಕ್ತವಾದವು. ದೋಷ ಕಂಡು ಹಿಂತೆಗೆದ ಲೇಖನಗಳ ದೊಡ್ಡ ಪಟ್ಟಿಯೊಂದನ್ನು ಅದೇ ಸಂಸ್ಥೆ ೨೦೨೩ರಲ್ಲಿ ಕೊಂಡು ಎಲ್ಲರಿಗೂ ತೆರೆದಿಟ್ಟಿತು.

ನಮ್ಮ ದೇಶದಲ್ಲಿಯೂ ಪ್ರಯತ್ನಗಳಾಗಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ತಾನು ಒಪ್ಪಿದ್ದ ಪತ್ರಿಕೆಗಳ ಪಟ್ಟಿಯಿಂದ ೨೦೧೮ರ ಮೇ ತಿಂಗಳಲ್ಲಿ ೪,೩೦೫ ಪತ್ರಿಕೆಗಳನ್ನು ಒಮ್ಮೆಗೇ ತೆಗೆದುಹಾಕಿತು. ಆಮೇಲೆ ಮಾಡಿದ ‘ಕೇರ್’ ಎಂಬ ಪಟ್ಟಿಯನ್ನೂ ೨೦೨೫ರಲ್ಲಿ ಕೈಬಿಟ್ಟಿತು. ಮೇಲಿನಿಂದ ಒಂದು ಪಟ್ಟಿ ಮಾಡಿಕೊಟ್ಟರೆ ಕೆಲಸ ಮುಗಿಯುವುದಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಹೆಬ್ಬಾಗಿಲಿಗೆ ಒಬ್ಬ ಕಾವಲುಗಾರನನ್ನು ನಿಲ್ಲಿಸುವುದಕ್ಕಿಂತ ಊರವರೆಲ್ಲ ನೋಡಲು ಬರುವಂತೆ ದೀಪ ಹಚ್ಚಿಡುವುದು ಮೇಲು.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ವಹಿ ತೆರೆದಿಟ್ಟ ಮಾತ್ರಕ್ಕೆ ಲೇಖನದ ಗುಣ ತಿಳಿಯುವುದೇ ಎಂದು ಕೇಳಬಹುದು. ತಿಳಿಯುವುದಿಲ್ಲ, ನಿಜ. ಸಾತಬಾರಾ ನೋಡಿದರೆ ಹೊಲದ ಮಣ್ಣಿನ ಗುಣ ತಿಳಿಯುವುದೇ? ಅದಕ್ಕೆ ಹೊಲಕ್ಕೇ ಹೋಗಬೇಕು. ಲೇಖನವನ್ನು ಓದಿಯೇ ಅದರ ಬೆಲೆ ಕಟ್ಟಬೇಕು. ಪತ್ರಿಕೆಯ ಅಂಕಿ ನೋಡಿ ವಿದ್ವಾಂಸನ ಬೆಲೆ ಕಟ್ಟಬಾರದೆಂದು ಹಲವು ವಿಜ್ಞಾನಿಗಳೇ ೨೦೧೨ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೇರಿ ಘೋಷಣೆ ಸಿದ್ಧಪಡಿಸಿದರು. ಇನ್ನೊಂದು ಆಕ್ಷೇಪ ನಮ್ಮದೇ. ಆ ದೊಡ್ಡ ವಹಿಗಳಲ್ಲಿ ಇಂಗ್ಲೀಷಿಗೆ ಸಿಂಹಪಾಲು. ಕನ್ನಡ ವಿದ್ವಾಂಸರು ಅಡಿಟಿಪ್ಪಣಿಗಳಲ್ಲಿ ಶ್ರಮಪಟ್ಟು ಕೊಟ್ಟ ಆಧಾರಗಳು ಅಲ್ಲಿ ಎಣಿಕೆಗೇ ಬರುವುದಿಲ್ಲವೆನ್ನಬಹುದು. ಆದುದರಿಂದ ಕನ್ನಡದ ಪತ್ರಿಕೆಗಳೂ ವಿಶ್ವವಿದ್ಯಾಲಯಗಳೂ ತಮ್ಮ ಉಲ್ಲೇಖ ಪಟ್ಟಿಗಳನ್ನು ಒಂದೇ ಕ್ರಮದಲ್ಲಿ, ಎಲ್ಲರಿಗೂ ಸಿಕ್ಕುವಂತೆ ಇಡಬೇಕು. ನಾವೇ ಇಡದಿದ್ದರೆ ಹೊರಗಿನವರು ಎಣಿಸಲಿಲ್ಲವೆಂದು ದೂರುವುದು ತರವಲ್ಲ.

ನಮ್ಮ ಶಾಲೆಯಲ್ಲಿ ಮಾಡಬಹುದಾದದ್ದು

ಇದೆಲ್ಲ ದೊಡ್ಡವರ ಕೆಲಸ, ಹೈಸ್ಕೂಲಿನ ಹುಡುಗರಿಗೆ ಏಕೆ ಎನ್ನಬೇಡಿರಿ. ೧೯೯೩ರಲ್ಲಿ ಭೂಕಂಪದ ನಕಾಶೆಯಲ್ಲಿ ನಮ್ಮ ಸೀಮೆ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. ದಖ್ಖಣದ ನೆಲ ಗಟ್ಟಿ, ಅದು ಅಲುಗದು ಎಂಬ ಮಾತು ಬಾಯಿಂದ ಬಾಯಿಗೆ ಸಾಗಿತ್ತು. ೧೯೬೭ರಲ್ಲಿ ಕೊಯ್ನಾ ನಡುಗಿದ್ದರೂ, ೧೯೯೨ರಲ್ಲಿ ಕಿಲ್ಲಾರಿಯ ಸುತ್ತಲೇ ಸಣ್ಣ ಕಂಪನಗಳಾಗಿದ್ದರೂ ಆ ಮಾತು ಹಾಗೆಯೇ ಉಳಿಯಿತು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳ ಕೆಳಗೆ ಜನ ನಿಶ್ಚಿಂತೆಯಿಂದ ಮಲಗಿದ್ದರು. ನಕಾಶೆಯನ್ನು ತಿದ್ದಿದ್ದು ೨೦೦೨ರಲ್ಲಿ. ‘ಇದನ್ನು ಯಾರು ಹೇಳಿದರು, ಯಾವ ಆಧಾರದಿಂದ ಹೇಳಿದರು’ ಎಂದು ಕೇಳುವ ಅಭ್ಯಾಸದಿಂದ ಭೂಕಂಪ ನಿಲ್ಲುತ್ತಿರಲಿಲ್ಲ. ಆದರೆ ಗಟ್ಟಿ ನೆಲ ಎಂಬ ಮಾತಿನ ಮೇಲೆ ಅಷ್ಟೊಂದು ಭರವಸೆ ಇಡುತ್ತಿರಲಿಲ್ಲವೇನೋ.

ಆದುದರಿಂದ ವಿದ್ಯಾರ್ಥಿಗಳೆ, ಈ ವರ್ಷದಿಂದ ನಿಮ್ಮ ಪ್ರತಿ ನಿಬಂಧದ ಕೆಳಗೆ ಎರಡು ಸಾಲು ಬರೆಯಿರಿ. ಪುಸ್ತಕದಿಂದ ತೆಗೆದುಕೊಂಡಿದ್ದರೆ ಪುಸ್ತಕದ ಹೆಸರು, ಬರೆದವರು, ಇಸವಿ, ಪುಟ. ಮೊಬೈಲಿನಿಂದ ತೆಗೆದುಕೊಂಡಿದ್ದರೆ ಯಾವ ಸಂಸ್ಥೆಯದು, ಯಾವ ದಿನ ನೋಡಿದಿರಿ. ಹಿರಿಯರಿಂದ ಕೇಳಿದ್ದರೆ ಅವರ ಹೆಸರು, ಊರು. ಎರಡು ಮೂಲಗಳಲ್ಲಿ ಎರಡು ಅಂಕಿಗಳಿದ್ದರೆ ಎರಡನ್ನೂ ಬರೆಯಿರಿ, ಒಂದನ್ನು ಮುಚ್ಚಿಡಬೇಡಿರಿ. ನೀವೇ ತೆರೆದು ನೋಡದ ಪುಸ್ತಕದ ಹೆಸರನ್ನು ಮಾತ್ರ ಎಂದೂ ಬರೆಯಬೇಡಿರಿ. ಆಧಾರವನ್ನು ಒಪ್ಪಿಕೊಂಡು ಬರೆದದ್ದಕ್ಕೆ ಅಂಕ ಕಡಿಮೆ ಮಾಡಲಾರೆನೆಂದು ನನ್ನ ವರ್ಗದಲ್ಲಿ ಹೇಳಿದ್ದೇನೆ, ಇಲ್ಲಿಯೂ ಬರೆದುಕೊಡುತ್ತೇನೆ.

ಪಾಲಕರಲ್ಲಿಯೂ ಒಂದು ವಿನಂತಿ. ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಜಾಹೀರಾತಿನಲ್ಲಿ ದೊಡ್ಡ ಅಂಕಿ ಕಂಡರೆ, “ಇದು ಎಲ್ಲಿಯ ಲೆಕ್ಕ? ನೋಡಲು ಸಿಕ್ಕುತ್ತದೆಯೇ?” ಎಂದು ಕೇಳಿರಿ. ಹೊಲ ಕೊಳ್ಳುವಾಗ ಕೇಳುವ ನಾವು ಇಲ್ಲಿ ಮಾತ್ರ ಏಕೆ ನಾಚಬೇಕು?

ಆ ಹುಡುಗಿಯ ನಿಬಂಧಕ್ಕೆ ನಾನು ಹೆಚ್ಚು ಅಂಕ ಕೊಟ್ಟೆ. “ಸರ್, ಒಟ್ಟು ಎಷ್ಟು ಜನ ಸತ್ತರೆಂದು ನಾನು ಬರೆದಿಲ್ಲವಲ್ಲ” ಎಂದು ಅವಳೇ ಬಂದು ಕೇಳಿದಳು. “ನಿನಗೆ ಗೊತ್ತಿದ್ದದ್ದನ್ನು ಬರೆದೆ, ಯಾರಿಂದ ಗೊತ್ತಾಯಿತೆಂದೂ ಬರೆದೆ. ಇನ್ನು ಸರಕಾರದ ಲೆಕ್ಕ ಹುಡುಕಿ ಅದನ್ನೂ ಅದರ ಕೆಳಗೆ ಬರೆ” ಎಂದೆ. ಮುಂದಿನ ವಾರ ಬರೆದುಕೊಂಡು ಬಂದಳು. ಅಜ್ಜಿ ಹೇಳಿದ ಹೆಸರುಗಳು ಮೇಲೆ, ಸರಕಾರದ ಅಂಕಿ ಕೆಳಗೆ, ಎರಡಕ್ಕೂ ಆಧಾರ ಪಕ್ಕದಲ್ಲಿ.